ಕಸದ ಗುಂಡಿಗೊಂದು ಮಣ್ಣು ಹುಡುಕುತ್ತಾ

ಕೆರೆ ಅಂಗಳದಲ್ಲಿ ಕುಕ್ಕರುಗಾಲಲ್ಲಿ ಕೂತು ಚಿಟಿಕೆ ಮಣ್ಣನ್ನು ಬಾಯಿಗೆ ಹಾಕಿಕೊಂಡು ಮುಂಬಲ್ಲಿನಲ್ಲಿ ಕಡಿಯುತ್ತಿದ್ದೆ. ಏರಿ ಮೇಲೆ ಕುರಿ ಬಿಟ್ಟುಕೊಂಡು ನಿಂತಿದ್ದ ತಾತ ಸ್ವಲ್ಪ ಹೊತ್ತು ನೋಡಿ ಕೇಳಿದರು: "ಏನವ್ವಾ, ಬಸುರಿಯೇನು?"

ಅಲ್ಲ ತಾತ, ಕೆಲಸ ಇದು ಅಂದೆ. ಅವರು ನಂಬಲಿಲ್ಲ. ಮಣ್ಣು ತಿನ್ನಲು ಸಂಬಳ ಕೊಡುವ ಕೆಲಸ ಇದೆಯೆಂದು ಯಾರು ತಾನೇ ನಂಬುತ್ತಾರೆ? ಆದರೆ ಹಲ್ಲಿನಷ್ಟು ಬೇಗ ಉತ್ತರ ಹೇಳುವ ಉಪಕರಣ ನಮ್ಮ ಲ್ಯಾಬಿನಲ್ಲಿಲ್ಲ. ಕರಕರ ಅಂದರೆ ಮರಳು. ಹಿಟ್ಟಿನ ಹಾಗೆ ಸಣ್ಣಗೆ ಕೆರೆದರೆ ರೇವೆ. ಏನೂ ಸದ್ದಿಲ್ಲದೆ ಬೆಣ್ಣೆಯ ಹಾಗೆ ಹಲ್ಲಿಗೆ ಮೆತ್ತಿಕೊಂಡರೆ ಜೇಡಿ. ಆಮೇಲೆ ಒದ್ದೆ ಉಂಡೆಯನ್ನು ಉಗುರಿನಿಂದ ಗೀರಿ ನೋಡಬೇಕು, ಹೊಳೆದರೆ ಜೇಡಿ ಜಾಸ್ತಿ. ಒಣಗಿದ ಉಂಡೆಯನ್ನು ಬೆರಳಲ್ಲಿ ಒಡೆದು ನೋಡಬೇಕು, ಒಡೆಯದಿದ್ದರೆ ಇನ್ನೂ ಒಳ್ಳೆಯದು. ಲ್ಯಾಬಿಗೆ ಹೊತ್ತೊಯ್ಯಬೇಕಾದ ಚೀಲಗಳ ಸಂಖ್ಯೆ ಅರ್ಧಕ್ಕರ್ಧ ಕಡಿಮೆಯಾಗುವುದು ಇಲ್ಲೇ.

ಚಿತ್ರದುರ್ಗ ಜಿಲ್ಲೆಯ ಒಂದು ಊರಿನ ಕಸಕ್ಕೆ ಹೊಸ ಲ್ಯಾಂಡ್‌ಫಿಲ್ ಕಟ್ಟಬೇಕಿತ್ತು. ಮಣ್ಣು ಪರೀಕ್ಷೆಯ ಕೆಲಸ ನಾನಿದ್ದ ಲ್ಯಾಬಿಗೆ ಬಂತು. ಆಗ ಜಾರಿಯಲ್ಲಿದ್ದ 2016ರ ಘನತ್ಯಾಜ್ಯ ನಿಯಮಗಳ ಪ್ರಕಾರ ಕಸದ ಗುಂಡಿಯ ತಳಕ್ಕೆ ಎರಡು ಪದರ ಬೇಕಿತ್ತು. ಮೇಲೆ 1.5 ಮಿ.ಮೀ. ದಪ್ಪದ ಎಚ್‌ಡಿಪಿಇ ಎಂಬ ಗಟ್ಟಿ ಪ್ಲಾಸ್ಟಿಕ್ ಹಾಳೆ, ಅದರ ಕೆಳಗೆ 90 ಸೆಂ.ಮೀ. ಜೇಡಿಮಣ್ಣು ಅಥವಾ ಹದ ಮಾಡಿದ ಮಣ್ಣು. ಆ ಮಣ್ಣಿನ ಅಡಿಗೂ ಅಂತರ್ಜಲದ ಅತಿ ಮೇಲಿನ ಮಟ್ಟಕ್ಕೂ ನಡುವೆ ಕನಿಷ್ಠ 2 ಮೀಟರ್ ಇರಬೇಕಿತ್ತು. ಮಣ್ಣು ನೀರು ಬಿಟ್ಟುಕೊಡುವ ವೇಗ ಸೆಕೆಂಡಿಗೆ ಒಂದು ಸೆಂಟಿಮೀಟರಿನ ಕೋಟಿಯಲ್ಲೊಂದು ಭಾಗ ಮೀರುವಂತಿರಲಿಲ್ಲ. ಕೋಟಿಯಲ್ಲೊಂದು ಅಂದರೆ ಕಣ್ಣಿಗೆ ಕಟ್ಟುವುದಿಲ್ಲ. ಅದನ್ನೇ ವರ್ಷಕ್ಕೆ ಲೆಕ್ಕ ಹಾಕಿದರೆ ಸುಮಾರು 3 ಸೆಂ.ಮೀ. ಆಗುತ್ತದೆ, ಎರಡು ಬೆರಳಗಲ. ಮೇಲೆ ಒಂದಡಿ ಕೊಳೆನೀರು ನಿಂತಿದೆ, ಹಾಳೆ ಹರಿದಿದೆ ಅಂದುಕೊಂಡರೂ 90 ಸೆಂ.ಮೀ. ದಾಟಲು ಅದಕ್ಕೆ ಹತ್ತು ವರ್ಷದ ಆಸುಪಾಸು ಬೇಕು.

ಲೆಕ್ಕ ಸರಿ, ಮಣ್ಣೆಲ್ಲಿ? ಎರಡು ಎಕರೆಯ ತಳಕ್ಕೆ 90 ಸೆಂ.ಮೀ. ಅಂದರೆ ದಮ್ಮಸ್ಸು ಮಾಡಿದ ಮೇಲೆ ಸುಮಾರು 7,300 ಘನ ಮೀಟರ್. ಅಗೆದಾಗ ಮಣ್ಣು ಉಬ್ಬುತ್ತದಲ್ಲ, ಹಾಗಾಗಿ ದೊಡ್ಡ ಟಿಪ್ಪರಿನಲ್ಲಿ ಸುಮಾರು 900 ಲೋಡು. ಒಂದು ಹಿಡಿ ಒಳ್ಳೆಯ ಮಣ್ಣು ಎಲ್ಲಾದರೂ ಸಿಗುತ್ತದೆ. ಒಂದೇ ಗುಣದ 900 ಲೋಡು ಸಿಗುವುದು ಬೇರೆ ಮಾತು.

ನಮ್ಮ ಮುಂದೆ ಮೂರು ದಾರಿ ಇದ್ದವು. ಜಾಗದಲ್ಲೇ ಇದ್ದ ಗರಸು ಬೆರೆತ ಕೆಮ್ಮಣ್ಣು. ಹದಿನೈದು ಕಿ.ಮೀ. ಆಚೆಯ ಹೊಲಗಳ ಎರೆಮಣ್ಣು. ಮತ್ತೆ ಈ ತಾತನ ಊರ ಕೆರೆಯ ಗೋಡು. ಪುರಸಭೆ ಎಂಜಿನಿಯರಿಂದ ಹಿಡಿದು ಟೀ ಅಂಗಡಿಯವರವರೆಗೆ ಎಲ್ಲರ ಓಟು ಎರೆಗೆ. "ಮಳೆ ಬಂದ್ರೆ ವಾರಗಟ್ಟಲೆ ನೀರು ನಿಲ್ಲತ್ತೆ ಮೇಡಂ, ಇನ್ನೇನು ನೋಡ್ತೀರಾ?" ನನಗೂ ಮೊದಲು ಹಾಗೇ ಅನಿಸಿತ್ತು.

ಕೆರೆಯಲ್ಲಿ ಎಲ್ಲಿ ಅಗೆಯಬೇಕೆಂದು ಹೇಳಿಕೊಟ್ಟವರು ತಾತ. "ಹಳ್ಳ ಬಂದು ಸೇರೋ ಕಡೆ ಬರೀ ಮಳಲು ಕಣವ್ವ. ತೂಬಿನ ಕಡೆ ಹೋಗು, ಅಲ್ಲೈತೆ ಗೋಡು." ಹರಿವ ನೀರು ಕೆರೆಗೆ ಬಂದ ತಕ್ಷಣ ದಪ್ಪ ಮರಳನ್ನು ಅಲ್ಲೇ ಇಳಿಸುತ್ತದೆ, ಸಣ್ಣ ಕಣಗಳು ತೇಲಿ ಬಂದು ಏರಿಯ ಬುಡದ ನಿಂತ ನೀರಲ್ಲಿ ಕೂರುತ್ತವೆ. ನಾನು ಪುಸ್ತಕದಲ್ಲಿ ಓದಿದ್ದನ್ನು ಅವರು ಗಾಡಿ ಹೊಡೆದು ಕಲಿತಿದ್ದರು. ಏರಿಯ ಬುಡವನ್ನೇ ಕೆದಕಿದರೆ ಏರಿ ಸಡಿಲವಾಗುತ್ತದೆ, ಆದ್ದರಿಂದ ಸಾಕಷ್ಟು ದೂರ ಬಿಟ್ಟು ಹತ್ತು ಕಡೆ ಗುಂಡಿ ತೋಡಿಸಿದೆ. ಊರವರಿಗೆ ಅದು ಹಿಡಿಸಲಿಲ್ಲ. ಗೋಡು ಅವರ ಹೊಲಕ್ಕೆ ಗೊಬ್ಬರಕ್ಕಿಂತ ಮೇಲು, ಅದನ್ನು ಪೇಟೆಯ ಕಸದ ಅಡಿಗೆ ಹಾಕುವುದೆಂದರೆ ಏನು? ಒಬ್ಬ ಹುಡುಗ ನೇರವಾಗಿ ಕೇಳಿದ: "ಮಾವಳ್ಳಿಪುರ, ಮಂಡೂರು ಏನಾಯ್ತು ಅಂತ ಟೀವೀಲಿ ನೋಡಿದೀವಿ ಅಕ್ಕ. ನಿಮ್ದೇನು ಬೇರೆ?" ಬೆಂಗಳೂರಿನ ಕಸ 2012ರಲ್ಲಿ ಮಾವಳ್ಳಿಪುರಕ್ಕೆ, 2014ರಲ್ಲಿ ಮಂಡೂರಿಗೆ ನಿಂತದ್ದು ಊರವರ ಜಗಳದಿಂದಲೇ. 2019ರ ಮಳೆಗಾಲದಲ್ಲಿ ಮಂಗಳೂರಿನ ಪಚ್ಚನಾಡಿಯಿಂದ ಕಸದ ರಾಶಿ ಜರಿದು ಮಂದಾರದ ಮನೆ, ತೋಟಗಳ ಮೇಲೆ ಬಂದದ್ದನ್ನೂ ಅವನು ಬಲ್ಲ. ಅಡಿಗೆ ಮಣ್ಣು ಸರಿಯಾಗಿ ಹಾಕಿದರೆ ಬೇರೆ ಅಂದೆ. ಅದು ಉತ್ತರವಲ್ಲ ಎಂದು ನನಗೂ ಗೊತ್ತಿತ್ತು. ಕೊನೆಗೆ, ನಮಗೆ ಬೇಕಾದಷ್ಟು ಗೋಡು ತೆಗೆದ ಮೇಲೆ ಉಳಿದ ಹೂಳನ್ನೂ ಎತ್ತಿಸಿ ಅವರ ಹೊಲಗಳಿಗೆ ಹಾಕಿಸಬೇಕೆಂದು ಪಂಚಾಯ್ತಿಯಲ್ಲಿ ಮಾತಾಯಿತು. ಆ ಮಾತುಕತೆಯಲ್ಲಿ ನನ್ನ ಪಾಲೇನೂ ಇಲ್ಲ, ಚಾಪೆಯ ಮೂಲೆಯಲ್ಲಿ ಕೂತು ಟೀ ಕುಡಿದೆ.

ಲ್ಯಾಬಿನ ಕೆಲಸದಲ್ಲಿ ಬಹುಪಾಲು ಕಾಯುವುದೇ. ಮಣ್ಣು ಓವನ್ನಿನಲ್ಲಿ ಒಣಗುವವರೆಗೆ ಒಂದು ದಿನ. ಸಣ್ಣ ಕಣಗಳ ಲೆಕ್ಕಕ್ಕೆ ಹೈಡ್ರೋಮೀಟರ್ ಮುಳುಗಿಸಿದರೆ ಇನ್ನೊಂದು ದಿನ. ಉಬ್ಬುವ ಗುಣ ನೋಡಲು ಹತ್ತು ಹತ್ತು ಗ್ರಾಂ ಮಣ್ಣನ್ನು ಎರಡು ಗಾಜಿನ ಜಾಡಿಗೆ ಹಾಕಿ, ಒಂದಕ್ಕೆ ನೀರು, ಇನ್ನೊಂದಕ್ಕೆ ಸೀಮೆಎಣ್ಣೆ ಸುರಿದು 24 ಗಂಟೆ ಬಿಡಬೇಕು. ಸೀಮೆಎಣ್ಣೆಯಲ್ಲಿ ಜೇಡಿ ಉಬ್ಬುವುದಿಲ್ಲ, ಹಾಗಾಗಿ ಅದೇ ಅಳತೆಗೋಲು. ಈಗ ಸೀಮೆಎಣ್ಣೆ ಹುಡುಕುವುದೇ ಮಣ್ಣು ಹುಡುಕುವುದಕ್ಕಿಂತ ಕಷ್ಟ. ನಮ್ಮ ಲ್ಯಾಬಿನ ಅಣ್ಣ ಎಲ್ಲಿಂದಲೋ ಒಂದು ಬಾಟಲಿ ತಂದು ಬೀರುವಿನಲ್ಲಿ ಬೀಗ ಹಾಕಿಡುತ್ತಾರೆ, ಎಲ್ಲಿಂದ ಅಂತ ಯಾರೂ ಕೇಳುವುದಿಲ್ಲ. ಮಾರನೇ ಬೆಳಿಗ್ಗೆ ಎರೆಮಣ್ಣು ನೀರಿನ ಜಾಡಿಯಲ್ಲಿ ಸೀಮೆಎಣ್ಣೆಯದಕ್ಕಿಂತ ಹತ್ತಿರ ಹತ್ತಿರ ಎರಡು ಪಟ್ಟು ಎದ್ದಿತ್ತು. ಗೋಡು ಮೂರನೇ ಒಂದು ಭಾಗದಷ್ಟು ಮಾತ್ರ ಹೆಚ್ಚು. ಕೆಮ್ಮಣ್ಣು ಎರಡರಲ್ಲೂ ಒಂದೇ.

ಆಮೇಲೆ ಎಷ್ಟು ತೇವಕ್ಕೆ ಮಣ್ಣು ಹರಿಯತೊಡಗುತ್ತದೆ ಎಂದು ನೋಡುವ ಕ್ಯಾಸಗ್ರಾಂಡೆ ಬಟ್ಟಲು, ಮತ್ತೆ ಗಾಜಿನ ಹಲಗೆ ಮೇಲೆ 3 ಮಿ.ಮೀ. ದಾರ ಹೊಸೆಯುವುದು. ಶ್ಯಾವಿಗೆ ಹೊಸೆದ ಕೈಗೆ ಇದು ಕಲಿಸಬೇಕಿಲ್ಲ. ಮಣ್ಣು ಹಿಟ್ಟಿನ ಮುದ್ದೆಯಂತೆ ಇರುವ ತೇವದ ವ್ಯಾಪ್ತಿ ಎಷ್ಟು ಎಂಬುದು ಇವೆರಡರಿಂದ ಸಿಗುತ್ತದೆ. ಅದನ್ನು ನಾವು ಪಿಐ ಅನ್ನುತ್ತೇವೆ. ತಳಪದರಕ್ಕೆ ಪಿಐ 7ರಿಂದ 10 ಆದರೂ ಇರಬೇಕು, 30-40 ದಾಟಿದರೆ ಮಣ್ಣು ಕೈಗೆ ಬಗ್ಗುವುದಿಲ್ಲ. ಕೆಮ್ಮಣ್ಣಿಗೆ 13 ಬಂತು, ಗೋಡಿಗೆ 24, ಎರೆಗೆ 43. ಕೆಮ್ಮಣ್ಣಿನಲ್ಲಿ ಸಣ್ಣ ಕಣ ಮೂರನೇ ಒಂದು ಭಾಗಕ್ಕಿಂತ ತುಸು ಹೆಚ್ಚಿತ್ತು, ಅಷ್ಟಿದ್ದರೆ ಕಾಗದದ ಮೇಲೆ ಪಾಸು. ಆದರೆ ಅಚ್ಚಿನಲ್ಲಿ ಕುಟ್ಟಿ ನೀರು ಬಿಟ್ಟಾಗ ಮಿತಿಗಿಂತ ಮೂವತ್ತು ಪಟ್ಟು ಸೋರಿತು. ಒಂಟಿಯಾಗಿ ಅದರಿಂದ ಆಗದು.

ಎರೆಮಣ್ಣು ನೀರನ್ನು ಬಿಡಲೇ ಇಲ್ಲ. ಟೀ ಅಂಗಡಿಯವರು ಗೆದ್ದರು ಅಂದುಕೊಂಡೆ. ಹೊರತೆಗೆದ ಅಚ್ಚನ್ನು ವರಾಂಡದಲ್ಲಿಟ್ಟು ಯುಗಾದಿಗೆ ಊರಿಗೆ ಹೋಗಿ ನಾಲ್ಕು ದಿನ ಬಿಟ್ಟು ಬಂದೆ. ಮಣ್ಣಿನ ಕಂಬ ಕುಗ್ಗಿ ಸಣ್ಣದಾಗಿ, ಉದ್ದಕ್ಕೂ ಬಿರಿದು, ಬಿರುಕಿನಲ್ಲಿ ಐದು ರೂಪಾಯಿ ನಾಣ್ಯ ನಿಲ್ಲುವ ಹಾಗಿತ್ತು. ಅಳೆದರೆ ಗಾತ್ರ ಆರನೇ ಒಂದು ಭಾಗ ಇಳಿದಿದೆ. ಡೇನಿಯಲ್ ಮತ್ತು ವೂ ಎಂಬ ಎಂಜಿನಿಯರುಗಳು 1993ರಲ್ಲಿ ಅಮೆರಿಕದಲ್ಲಿ ಹಾಕಿಕೊಟ್ಟ ಲೆಕ್ಕದ ದಾರಿಯಲ್ಲಿ ಹೋದರೆ ಒಣಗಿದಾಗ ಶೇಕಡಾ 4ರಷ್ಟು ಕುಗ್ಗುವುದನ್ನಷ್ಟೇ ಒಪ್ಪಬಹುದು. ಬೇಸಿಗೆಯಲ್ಲಿ ಎರೆಹೊಲದ ಬಿರುಕಿಗೆ ಕುಡುಗೋಲು ಬಿದ್ದರೆ ಮತ್ತೆ ಸಿಗುವುದಿಲ್ಲ ಎಂದು ಹೇಳುವವರೇ ಅದೇ ಮಣ್ಣನ್ನು ಗುಂಡಿಯ ತಳಕ್ಕೆ ಹೊಗಳಿದ್ದರು. ಮಳೆಗಾಲದ ಎರೆಯನ್ನು ನೆನೆಯುತ್ತಾ ಬೇಸಿಗೆಯ ಎರೆಯನ್ನು ಮರೆತಿದ್ದೆವು, ನಾನೂ ಸೇರಿ.

ಗೋಡಿನ ಸರದಿಯಲ್ಲಿ ಒಂದು ಸಂಗತಿ ನನ್ನನ್ನು ನಿಲ್ಲಿಸಿತು. ಎರಡು ಅಚ್ಚು ಮಾಡಿದ್ದೆ. ಎರಡರ ಒಣ ಸಾಂದ್ರತೆಯೂ ಒಂದೇ, ಘನ ಸೆಂ.ಮೀ.ಗೆ 1.58 ಗ್ರಾಂ. ಒಂದನ್ನು 16 ಶೇಕಡಾ ತೇವದಲ್ಲಿ ಕುಟ್ಟಿದ್ದು, ಇನ್ನೊಂದನ್ನು 24ರಲ್ಲಿ. ಈ ಮಣ್ಣು ಅತಿ ಹೆಚ್ಚು ಬಿಗಿಯಾಗುವ ತೇವ 20. ಅಂದರೆ ಒಂದು ಆಚೆ, ಒಂದು ಈಚೆ. ತೂಕ ಹಾಕುವವನಿಗೆ ಎರಡೂ ಒಂದೇ ಮಣ್ಣು. ನೀರಿಗೆ ಹಾಗಲ್ಲ. ಒಣಗಡೆಯ ಅಚ್ಚು ಮಿತಿಯ ಇಪ್ಪತ್ತು ಪಟ್ಟು ಸೋರಿತು. ಒದ್ದೆಗಡೆಯದರಲ್ಲಿ ಮೇಲಿನ ಸಣ್ಣ ಕೊಳವೆಯ ನೀರು ನೂರು ಸೆಂ.ಮೀ.ನಿಂದ ಇಡೀ ದಿನಕ್ಕೆ ಏಳೂವರೆ ಸೆಂ.ಮೀ. ಇಳಿಯಿತು. ಲೆಕ್ಕ ಹಾಕಿದರೆ ಮಿತಿಯ ಅರ್ಧಕ್ಕಿಂತ ಕಡಿಮೆ. (ಕೊಳವೆಯ ಬಾಯಿಗೆ ಎರಡು ಹನಿ ಎಣ್ಣೆ ಬಿಡಬೇಕು. ಇಲ್ಲದಿದ್ದರೆ ನಮ್ಮ ಕಡೆಯ ಬಿಸಿಲಿಗೆ ಆವಿಯಾದ ನೀರೂ ಮಣ್ಣಿನ ಲೆಕ್ಕಕ್ಕೆ ಸೇರುತ್ತದೆ.)

ಯಾಕೆ ಹೀಗೆ ಅಂತ ಮನೆಯಲ್ಲಿ ಕೇಳಿದಾಗ ಮುದ್ದೆ ತೋರಿಸಿದೆ. ಎಸರು ಸಾಲದೆ ಹೋದರೆ ಹಿಟ್ಟು ಗಂಟಾಗುತ್ತದೆ. ಆಮೇಲೆ ಕೋಲಿನಿಂದ ಎಷ್ಟು ತಿರುವಿದರೂ ಗಂಟು ಗಂಟಾಗಿಯೇ ಉಳಿದು, ಮುರಿದಾಗ ನಡುವೆ ಬಿಳಿ ಹಿಟ್ಟು. ಒಣ ಮಣ್ಣಿನ ಹೆಂಟೆಗಳೂ ಹಾಗೆಯೇ. ಸುತ್ತಿಗೆ ಬಿದ್ದಾಗ ಒತ್ತೊತ್ತಾಗಿ ಕೂರುತ್ತವೆ, ತೂಕ ಬರುತ್ತದೆ, ಆದರೆ ಕರಗಿ ಒಂದಾಗುವುದಿಲ್ಲ. ನೀರು ಹೋಗುವುದು ಹೆಂಟೆಯ ಒಳಗಿಂದಲ್ಲ, ಹೆಂಟೆ ಹೆಂಟೆಯ ನಡುವಿನ ಸಂದಿಯಿಂದ. ತೇವ ಸ್ವಲ್ಪ ಹೆಚ್ಚಿದ್ದರೆ ಹೆಂಟೆ ಮೆತ್ತಗಾಗಿ ಒಂದಕ್ಕೊಂದು ಬೆಸೆದುಕೊಂಡು ಸಂದಿ ಮುಚ್ಚುತ್ತದೆ. ಹಾಗೆಂದು ಬೇಕಾಬಿಟ್ಟಿ ನೀರು ಹೊಡೆಯುವಂತಿಲ್ಲ. ಬಲ ಇಳಿಯುತ್ತದೆ, ಒಣಗಿದಾಗ ಇನ್ನಷ್ಟು ಕುಗ್ಗುತ್ತದೆ. ಗೋಡು ಒಂದನ್ನೇ ಹಾಕಿದರೆ ಕುಗ್ಗುವುದು ಶೇಕಡಾ 6 ದಾಟುತ್ತಿತ್ತು. ಆಗ ಕೈಬಿಟ್ಟಿದ್ದ ಕೆಮ್ಮಣ್ಣು ನೆನಪಾಯಿತು. ಗರಸಿನ ಕಲ್ಲು ಜರಡಿ ಹಿಡಿದು, ಏಳು ಪಾಲು ಗೋಡಿಗೆ ಮೂರು ಪಾಲು ಕೆಮ್ಮಣ್ಣು ಬೆರೆಸಿದೆವು. ಕುಗ್ಗುವುದು 4ರ ಒಳಗೆ ಬಂತು, ಸೋರುವಿಕೆ ಮಿತಿಯ ಮುಕ್ಕಾಲಿಗಿಂತ ಕೆಳಗೇ ಉಳಿಯಿತು.

ನಡುವೆ ಒಂದು ಸ್ವಂತ ಹುಚ್ಚು. ಅಜ್ಜಿಯ ಮನೆ ಮಾಳಿಗೆ ಮನೆ. ತೊಲೆ, ಜಂತೆ, ಸೊಪ್ಪು, ಮಣ್ಣು, ಎಲ್ಲಕ್ಕಿಂತ ಮೇಲೆ ಕರ್ಲುಮಣ್ಣು. ಬಯಲುಸೀಮೆಯ ಮಾಳಿಗೆಗಳು ಸೋರದಿರುವುದು ಅದರಿಂದಲೇ. ಒಂದು ಚೀಲ ತಂದು ಪರೀಕ್ಷೆಗಿಟ್ಟೆ. ಒಂದು ಹರಳನ್ನು ಶುದ್ಧ ನೀರಿಗೆ ಬಿಟ್ಟರೆ ಕ್ಷಣದಲ್ಲಿ ಹೊಗೆಯೆದ್ದಂತೆ ಕರಗಿ ಹರಡಿತು. ಅದರಲ್ಲಿರುವ ಸೋಡಿಯಂ ಜೇಡಿಯ ಕಣಗಳನ್ನು ಒಂದಕ್ಕೊಂದು ಅಂಟಗೊಡದೆ ಬಿಡಿಬಿಡಿ ಮಾಡುತ್ತದೆ, ಆ ಬಿಡಿ ಕಣಗಳು ಹೋಗಿ ಸಂದಿಗಳಲ್ಲಿ ಕೂತು ದಾರಿ ಮುಚ್ಚುತ್ತವೆ. ಶುದ್ಧ ನೀರಿಗೆ ಅದು ಗೋಡಿಗಿಂತ ಚೆನ್ನಾಗಿ ತಡೆಯಿತು. ಅಜ್ಜಿಗೆ ಫೋನು ಮಾಡಿ ಹೇಳಿಯೂ ಬಿಟ್ಟೆ.

ಆಮೇಲೆ ಊರಿನ ಹಳೇ ಕಸದ ರಾಶಿಯ ಬುಡದಿಂದ ಲೀಚೆಟ್, ಅಂದರೆ ಕಸದಿಂದ ಬಸಿಯುವ ರಸ, ತಂದೆವು. ಕಷಾಯದ ಬಣ್ಣ, ವಾಸನೆ ಮಾತ್ರ ಬರೆಯಲಾರೆ. ಲ್ಯಾಬಿನ ಅಣ್ಣ ಎರಡು ದಿನ ನನ್ನ ಜತೆ ಊಟಕ್ಕೆ ಕೂರಲಿಲ್ಲ. ಬೇಗ ಉತ್ತರ ಸಿಗಲೆಂದು ಎರಡೂವರೆ ಸೆಂ.ಮೀ. ದಪ್ಪದ ಬಿಲ್ಲೆಗಳನ್ನು ಮಾಡಿ ಅವುಗಳ ಮೂಲಕ ಅದನ್ನು ಇಳಿಸಿದೆ. ಮೂರು ವಾರಕ್ಕೆ ಕರ್ಲುಮಣ್ಣಿನ ಸೋರುವಿಕೆ ಎಂಟು ಪಟ್ಟು ಏರಿತ್ತು. ಮಾಳಿಗೆಗೆ ಬೀಳುವುದು ಮಳೆನೀರು, ಅದರಲ್ಲಿ ಉಪ್ಪಿಲ್ಲ. ಕಸದ ರಸದಲ್ಲಿ ಕ್ಯಾಲ್ಸಿಯಂ ಮತ್ತಿತರ ಲವಣ ತುಂಬಿರುತ್ತವೆ, ಅವು ಬಿಡಿ ಕಣಗಳನ್ನು ಮತ್ತೆ ಗುಂಪು ಮಾಡಿ ಸಂದಿ ತೆರೆಯುತ್ತವೆ. ಅದೇ ರಸಕ್ಕೆ ಗೋಡು-ಕೆಮ್ಮಣ್ಣಿನ ಬಿಲ್ಲೆ ಹೆಚ್ಚು ಕಡಿಮೆ ಮೊದಲಿನಂತೆಯೇ ನಿಂತಿತು. ಅಜ್ಜಿಗೆ ಎರಡನೇ ಸಲ ಫೋನು ಮಾಡಲಿಲ್ಲ. ದೀಪಾವಳಿಗೆ ಹೋದಾಗ ಅವರೇ ಕೇಳಿದರು. ಹೇಳಿದೆ. "ಅಲ್ಲಾ, ಕರ್ಲು ಹಾಕಿ ಹಂಗೇ ಬಿಡ್ತೀರೇನು? ನಾವು ಪ್ರತಿ ವರ್ಷ ಮಳೆಗೆ ಮುಂಚೆ ಮೇಲೆ ಹತ್ತಿ ಹೊಸದು ಹಾಕ್ತಿರಲಿಲ್ವ?" ಅಂದರು.

ಲ್ಯಾಬಿನಲ್ಲಿ ಪಾಸಾದ ಮಣ್ಣು ನೆಲದ ಮೇಲೆ ಪಾಸಾಗಬೇಕಲ್ಲ. ಅದಕ್ಕೆ ನಿಜವಾದ ಯಂತ್ರಗಳಿಂದ ಒಂದು ಮಾದರಿ ಕಟ್ಟೆ ಹಾಕಿ ನೋಡುವುದು ಪದ್ಧತಿ. ಗುತ್ತಿಗೆದಾರರ ಕಡೆಯವರು ಒಳ್ಳೆಯವರೇ, ಆದರೆ ರಸ್ತೆ ಮಾಡಿ ಪಳಗಿದ ಕೈ. ರಸ್ತೆಗೆ ಬೇಕಾದದ್ದು ತೂಕ. ಬಿಸಿಲಿಗೆ ಒಣಗಿದ ಗೋಡು ತಂದು ಸುರಿದರು, ಟ್ಯಾಂಕರಿನಿಂದ ಮೇಲೆ ನೀರು ಚಿಮುಕಿಸಿದರು, ನುಣುಪು ಚಕ್ರದ ರೋಲರ್ ಓಡಿಸಿದರು. ಸಾಂದ್ರತೆ ಅಳೆದರೆ ಲ್ಯಾಬಿನಲ್ಲಿ ಬಂದ ಗರಿಷ್ಠದ ಶೇಕಡಾ 97. ಮೇಸ್ತ್ರಿ ನನ್ನತ್ತ ನೋಡಿ ನಕ್ಕರು, ನಾನೂ ನಕ್ಕೆ.

ಕಟ್ಟೆಯ ಮೇಲೆ ಒಂದು ಮೀಟರ್ ಚೌಕದ ಕಬ್ಬಿಣದ ಚೌಕಟ್ಟು ಹೂತು, ಅಂಚಿಗೆ ನೀರು ಕುಡಿದು ಉಬ್ಬುವ ಬೆಂಟೊನೈಟ್ ಜೇಡಿ ಮೆತ್ತಿ, ಮುಚ್ಚಳ ಹಾಕಿ, ಆಸ್ಪತ್ರೆಯ ಗ್ಲೂಕೋಸ್ ಚೀಲದಂಥ ಒಂದು ನೀರಿನ ಚೀಲವನ್ನು ಕೊಳವೆಯಿಂದ ಜೋಡಿಸಿದೆವು. ಚೀಲ ಕಳೆದುಕೊಂಡ ತೂಕವೇ ಮಣ್ಣು ಕುಡಿದ ನೀರು. ದಿನಕ್ಕೆ 170 ಗ್ರಾಂ ಸುಮಾರಿಗೆ ಮಿತಿ. ಮೊದಲ ದಿನ 3 ಕಿಲೋ ಹೋಯಿತು. ಎಲ್ಲೋ ಸೋರುತ್ತಿದೆ ಎಂದು ಅಂಚೆಲ್ಲ ಮತ್ತೆ ಮೆತ್ತಿದೆ. ಮಾರನೇ ದಿನವೂ 3 ಕಿಲೋ. ಕಟ್ಟೆಯನ್ನು ಅಡ್ಡಕ್ಕೆ ಕಡಿಸಿ ನೋಡಿದಾಗ ಕಾರಣ ಕಣ್ಣಿಗೇ ಕಂಡಿತು. ಮುಷ್ಟಿ ಗಾತ್ರದ ಹೆಂಟೆಗಳು, ಹೊರಗೆ ಒದ್ದೆ, ಒಡೆದರೆ ಒಳಗೆ ಬೂದಿಬಣ್ಣದ ಒಣ ಮಣ್ಣು. ಪದರ ಪದರದ ನಡುವೆ ಚಾಕು ತೂರುವಷ್ಟು ಗೆರೆ. ತಪ್ಪು ಅವರದಷ್ಟೇ ಅಲ್ಲ. ಲ್ಯಾಬಿನಲ್ಲಿ ನಾನು ಮಣ್ಣನ್ನು ಪುಡಿ ಮಾಡಿ, 4.75 ಮಿ.ಮೀ. ಜರಡಿ ಹಿಡಿದು, ನೀರು ಬೆರೆಸಿ ಒಂದು ರಾತ್ರಿ ಚೀಲ ಕಟ್ಟಿಟ್ಟು ಕುಟ್ಟಿದ್ದೆ. ಅವರಿಗೆ ಕೊಟ್ಟ ಚೀಟಿಯಲ್ಲಿ ಬರೆದದ್ದು ಮಾತ್ರ ಸಾಂದ್ರತೆ ಎಷ್ಟು, ತೇವ ಎಷ್ಟು ಎಂದು. ಹೆಂಟೆಯ ಮಾತೇ ಅದರಲ್ಲಿರಲಿಲ್ಲ.

ಪರಿಹಾರ ಬಂದದ್ದು ಹೊಲದಿಂದ. ಎರಡನೇ ಕಟ್ಟೆಗೆ ಟ್ರ್ಯಾಕ್ಟರಿನ ರೋಟವೇಟರ್ ಬಾಡಿಗೆಗೆ ತಂದೆವು. ಮಣ್ಣನ್ನು ಹರಡಿ, ಹೆಂಟೆ ಒಡೆದು, ನೀರು ಹಾಕಿ ಮತ್ತೆ ಹೊಡೆದು, ರಾಶಿ ಮಾಡಿ ಟಾರ್ಪಾಲು ಹೊದಿಸಿ ಮೂರು ದಿನ ಬಿಟ್ಟೆವು. ತೇವ ಹೆಂಟೆಯ ಒಳಗೆ ಇಳಿಯಲು ಅಷ್ಟು ಹೊತ್ತು ಬೇಕು. ನುಣುಪು ರೋಲರಿನ ಬದಲು ಗೊರಸಿನಂಥ ಮೊಳೆಗಳಿರುವ ಪ್ಯಾಡ್‌ಫುಟ್ ರೋಲರ್ ತರಿಸಿದೆವು. ಅದು ಮೇಲಿಂದ ಒತ್ತುವುದಿಲ್ಲ, ಒಳಗೆ ಹೊಕ್ಕು ನಾದುತ್ತದೆ. 15 ಸೆಂ.ಮೀ.ಗೊಂದು ಪದರ, ಮುಂದಿನದನ್ನು ಹಾಕುವ ಮೊದಲು ಹಿಂದಿನದರ ಮೈ ಕೆರೆಯಬೇಕು. ರೋಲರ್ ಚಕ್ರಕ್ಕೆ ಮಣ್ಣು ಮೆತ್ತುತ್ತದೆ ಎಂದು ಡ್ರೈವರ್ ದಿನವಿಡೀ ಬೈದುಕೊಂಡರು. ಮೇಸ್ತ್ರಿಗೂ ಸಮಾಧಾನವಿಲ್ಲ: "ಇದು ಗದ್ದೆ ಆಯ್ತು ಮೇಡಂ." ಸಾಂದ್ರತೆ ಈ ಸಲ ಮೊದಲಿಗಿಂತ ಕಡಿಮೆಯೇ ಬಂತು, 95. ಚೀಲ ತೂಗಿದಾಗ ಮೊದಮೊದಲು ಏರುಪೇರು, ಎರಡನೇ ವಾರದಿಂದ ದಿನಕ್ಕೆ 110 ಗ್ರಾಂನ ಆಸುಪಾಸಿಗೆ ನಿಂತಿತು. ಪ್ರತಿ ಬೆಳಿಗ್ಗೆ ಏಳಕ್ಕೆ ತಕ್ಕಡಿ ಹಿಡಿದು ಹೋಗುತ್ತಿದ್ದೆ, ಬಿಸಿಲೇರಿದರೆ ಅಳತೆ ಕೆಡುತ್ತದೆ. ಕುರಿ ತಾತ ಎರಡು ಸಲ ಬಂದು ನೋಡಿದರು. "ಇವತ್ತೆಷ್ಟು ಕುಡೀತು?" ಅಂತ ಹಾಲು ಕೇಳಿದಂತೆ ಕೇಳುತ್ತಿದ್ದರು.

ವರದಿ ಬರೆದುಕೊಟ್ಟೆ. ಸೂಕ್ತ ಎನ್ನುವ ಪದಕ್ಕೆ ಎರಡು ಪುಟ ಷರತ್ತು ಹಚ್ಚಿದೆ: ಹೆಂಟೆ ಎಷ್ಟು ದಪ್ಪ ಇರಬಹುದು, ರಾಶಿ ಎಷ್ಟು ದಿನ ಬಿಡಬೇಕು, ಯಾವ ರೋಲರ್, ಎಷ್ಟು ಸಲ, ತೇವ ಎಷ್ಟರಿಂದ ಎಷ್ಟರವರೆಗೆ. ಸಭೆಯಲ್ಲಿ ಒಬ್ಬರು "ಮಣ್ಣು ಓಕೆನಾ ಇಲ್ವಾ, ಅಷ್ಟು ಹೇಳಿ" ಅಂದರು. ಹೀಗೆ ಹಾಕಿದರೆ ಓಕೆ ಅಂದೆ. ಅವರು ಓಕೆ ಎಂದಷ್ಟೇ ಬರೆದುಕೊಂಡದ್ದು ಕಂಡಿತು.

ಕೆಲಸ ಶುರುವಾಗಿ ಮೊದಲ ಭಾಗದ ಮಣ್ಣು ಮುಗಿದಾಗ ಏಪ್ರಿಲ್. ಪ್ಲಾಸ್ಟಿಕ್ ಹಾಳೆ ಬರುವುದು ತಡವಾಯಿತು, ತಳ ಹತ್ತು ದಿನ ಬಿಸಿಲಿಗೆ ಬಿದ್ದಿತ್ತು. ನಾನು ಹೋಗಿ ನೋಡಿದಾಗ ಮೇಲ್ಮೈಯಲ್ಲಿ ಕೂದಲಿನಂಥ ಬಿರುಕು. ತೆಂಗಿನ ಕಡ್ಡಿ ಇಳಿಬಿಟ್ಟು ನೋಡಿದೆ. ಕೆಲವು ಕಡೆ ಎರಡು ಸೆಂ.ಮೀ., ಒಂದು ಕಡೆ ಆರು. 4 ಶೇಕಡಾ ಒಳಗಿದ್ದ ಮಣ್ಣೇ ಇಷ್ಟು, ಎರೆ ಹಾಕಿದ್ದರೆ ಏನಾಗುತ್ತಿತ್ತೋ. ಮೇಲಿನ ಪದರ ಪೂರ್ತಿ ಕಿತ್ತು, ಮತ್ತೆ ನೀರುಣಿಸಿ, ಮತ್ತೆ ನಾದಿಸಿದ್ದಾಯಿತು. ಆ ಖರ್ಚು ಯಾರದು ಎಂಬ ಕಾಗದ ಇನ್ನೂ ಓಡಾಡುತ್ತಿದೆ. ಈ ಸಲ ಮೇಸ್ತ್ರಿಯೇ ಸಂಜೆ ಸಂಜೆ ಗೋಣಿಚೀಲ ಹೊದಿಸಿ ನೀರು ಹಾಕಿಸಿದರು.

ಲ್ಯಾಬಿನಲ್ಲಿ ಪೂರ್ತಿ ಎತ್ತರದ ಒಂದು ಅಚ್ಚಿನಲ್ಲಿ ಲೀಚೆಟ್ ಇನ್ನೂ ಇಳಿಯುತ್ತಿದೆ. ದಿನಕ್ಕೆ ಮೂರು ಮಿ.ಲೀ. ಚಿಲ್ಲರೆ. ಮಣ್ಣಿನ ಸಂದಿಗಳಲ್ಲಿರುವ 400 ಮಿ.ಲೀ. ನೀರು ಒಮ್ಮೆ ಹೊರಹೋಗಿ ಆ ಜಾಗಕ್ಕೆ ಕಸದ ರಸ ಬರಲು ನಾಲ್ಕು ತಿಂಗಳು ಬೇಕು. ಈಗ ಮೂರಾಗಿದೆ. ಬಿಲ್ಲೆಯಲ್ಲಿ ನಿಂತ ಮಣ್ಣು ಇಲ್ಲೂ ನಿಲ್ಲುತ್ತದೆ ಎಂದೇ ನನ್ನ ಅಂದಾಜು. ಬಿಲ್ ಆಗದ ಪರೀಕ್ಷೆ ಇದು, ಆ ಮೂಲೆ ಬೇರೆ ಕೆಲಸಕ್ಕೆ ಬೇಕು ಎಂದು ಅಣ್ಣ ವಾರಕ್ಕೊಮ್ಮೆ ಹೇಳುತ್ತಾರೆ. ಹೇಳಿ, ಕೊಳವೆಗೆ ಎರಡು ಹನಿ ಎಣ್ಣೆ ಬಿಟ್ಟು ಹೋಗುತ್ತಾರೆ.